ಎಲೆಕ್ಟ್ರಾನಿಕ್ ಸಂಗೀತ ಮಾಡಲು ಶುರು ಮಾಡಬೇಕು: ಮೊದಲು ಏನು ಕೊಳ್ಳಲಿ, ಏನು ಕಲಿಯಲಿ?

ಹೊಸ_ಕಿವಿ:
ಎಲ್ಲರಿಗೂ ನಮಸ್ಕಾರ. ಹೌಸ್, ಟೆಕ್ನೋ ಥರದ ಟ್ರ್ಯಾಕ್ ಮಾಡಲು ಕಲಿಯಬೇಕು ಅಂತಿದ್ದೇನೆ. ಇರುವುದು ವಿಂಡೋಸ್ ಲ್ಯಾಪ್‌ಟಾಪ್ (ಐ5, 8 ಜಿಬಿ ರ‍್ಯಾಮ್), ಒಂದು ಬ್ಲೂಟೂತ್ ಹೆಡ್‌ಫೋನ್, ಕೈಯಲ್ಲಿ ಹತ್ತು ಸಾವಿರ ರೂಪಾಯಿ. ಕೀಬೋರ್ಡ್ ನುಡಿಸಲು ಬರುವುದಿಲ್ಲ, ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಪರೀಕ್ಷೆವರೆಗೆ ಕಲಿತಿದ್ದೇನೆ. ಯಾವ ಸಾಫ್ಟ್‌ವೇರ್ ಹಿಡಿಯಲಿ? ಆಡಿಯೋ ಇಂಟರ್‌ಫೇಸ್ ಬೇಕೇ ಬೇಕಾ?

ತಂತಿ_ತರಂಗ:
ಈಗಲೇ ಕೊಳ್ಳಬೇಕಾದ್ದು ಒಂದೇ: ಕಿವಿಯನ್ನು ಪೂರ್ತಿ ಮುಚ್ಚುವ, ವೈರ್ ಇರುವ ಹೆಡ್‌ಫೋನ್. ಬ್ಲೂಟೂತ್‌ನಲ್ಲಿ ಶಬ್ದ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ವೇಗದಲ್ಲಿ ಒಂದು ಬೀಟಿನ ಕಾಲು ಭಾಗವೇ 125 ಮಿಲಿಸೆಕೆಂಡ್. ಅಂದರೆ ಒತ್ತಿದ ಕೀ ಮುಂದಿನ ಮನೆಯಲ್ಲಿ (ಬೀಟಿನ ಕಾಲು ಭಾಗದ ಒಂದೊಂದು ಜಾಗಕ್ಕೆ ಮನೆ ಅನ್ನೋಣ) ಕೇಳಿಸುತ್ತದೆ, ತಾಳಕ್ಕೆ ಕೂರುವುದೇ ಇಲ್ಲ.

ಇಂಟರ್‌ಫೇಸ್ ಬೇಕಾಗುವುದು ಹಾಡು, ವೀಣೆ ಇಂಥವನ್ನು ಮೈಕ್‌ನಲ್ಲಿ ರೆಕಾರ್ಡ್ ಮಾಡುವಾಗ. ಸದ್ಯಕ್ಕೆ ಬೇಡ. ಉಳಿದ ದುಡ್ಡಿನಲ್ಲಿ ಬೇಕಾದರೆ 25 ಕೀಗಳ ಪುಟ್ಟ ಮಿಡಿ ಕೀಬೋರ್ಡ್ (ತಾನು ಸದ್ದು ಮಾಡದೆ ಸ್ವರದ ಸೂಚನೆಯನ್ನು ಕಂಪ್ಯೂಟರ್‌ಗೆ ಕಳಿಸುವಂಥದ್ದು) ತಗೊಳ್ಳಿ. ಅದರ ಜೊತೆ ಏಬಲ್ಟನ್ ಲೈವ್ ಲೈಟ್ ಅನ್ನುವ ಸಂಗೀತ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆಯೇ ಅಂತ ಡಬ್ಬದ ಮೇಲೆ ನೋಡಿ, ಬಹಳಷ್ಟು ಕೀಬೋರ್ಡ್‌ಗಳ ಜೊತೆ ಬರುತ್ತದೆ.

ನೀವು ಹೇಳಿದ ಶೈಲಿಗೆ ಎಫ್‌ಎಲ್ ಸ್ಟುಡಿಯೋ ಸಾಫ್ಟ್‌ವೇರ್‌ನ ಸ್ಟೆಪ್ ಸೀಕ್ವೆನ್ಸರ್ (ಮನೆಗಳನ್ನು ಒತ್ತಿ ತಾಳ ಕಟ್ಟುವ ಪಟ್ಟಿ) ಬೇಗ ಕೈಗೆ ಹತ್ತುತ್ತದೆ. ಆದರೆ ಅದರ ಟ್ರಯಲ್‌ನಲ್ಲಿ ಪ್ರಾಜೆಕ್ಟ್ ಸೇವ್ ಆಗುತ್ತದೆ, ದುಡ್ಡು ಕೊಡುವ ತನಕ ಮತ್ತೆ ತೆರೆಯಲು ಬರುವುದಿಲ್ಲ. ಕೆಲಸ ಕಳೆದುಕೊಳ್ಳಬಾರದು ಅಂದರೆ ಟ್ರಾಕ್‌ಷನ್‌ನವರ ಉಚಿತ ಸಾಫ್ಟ್‌ವೇರ್ ವೇವ್‌ಫಾರ್ಮ್ ಫ್ರೀ ಹಾಕಿಕೊಳ್ಳಿ. ಸಿಂಥ್‌ಗೆ (ಸ್ವರದ ಸದ್ದನ್ನು ಹುಟ್ಟಿಸುವ ಸಾಫ್ಟ್‌ವೇರ್ ವಾದ್ಯಕ್ಕೆ) ವೈಟಲ್‌ನ ಉಚಿತ ಆವೃತ್ತಿ ಒಂದು ಸಾಕು. ಇಂಥ ಪ್ಲಗಿನ್ ಗುಡ್ಡೆ ಹಾಕಿದಷ್ಟೂ ಕಲಿಕೆ ಹಿಂದೆ ಬೀಳುತ್ತದೆ.

ಸದ್ದಿನ ತಡ ಕಮ್ಮಿಯಾಗಲು ಏಸಿಯೋ4ಆಲ್ ಡ್ರೈವರ್ ಹಾಕಿ, ಬಫರ್ (ಸದ್ದು ಹೊರಡುವ ಮೊದಲು ಕೂಡಿಡುವ ತುಣುಕು) 256 ಸ್ಯಾಂಪಲ್ ಇಡಿ. 44,100 ಹರ್ಟ್ಸ್‌ನಲ್ಲಿ ಅದು ಸುಮಾರು 6 ಮಿಲಿಸೆಕೆಂಡ್. ಚಟಪಟ ಸದ್ದು ಬಂದರೆ 512ಕ್ಕೆ ಏರಿಸಿ. ಆ ಡ್ರೈವರ್ ಓಡುವಾಗ ಬ್ರೌಸರ್‌ನಲ್ಲಿ ಸದ್ದು ನಿಂತುಹೋಗಬಹುದು. ಡ್ರೈವರ್ ಸೌಂಡ್ ಕಾರ್ಡನ್ನು ತಾನೊಬ್ಬನೇ ಹಿಡಿದುಕೊಂಡಿರುತ್ತದೆ ಅಷ್ಟೇ, ಲ್ಯಾಪ್‌ಟಾಪ್ ಕೆಟ್ಟಿಲ್ಲ.

ಮಂದ್ರ_ಸ್ಥಾಯಿ:
ಮೊದಲ ವಾರ ಇಷ್ಟು ಮಾಡಿ. ವೇಗ 124. ಒಂದು ಬಾರ್‌ಗೆ 16 ಮನೆ. ಕಿಕ್ (ದೊಡ್ಡ ಡ್ರಮ್ಮಿನ ಹೊಡೆತ) 1, 5, 9, 13ರಲ್ಲಿ. ಕ್ಲ್ಯಾಪ್ 5 ಮತ್ತು 13. ತೆರೆದ ಹೈಹ್ಯಾಟ್ (ಜೋಡಿ ತಟ್ಟೆಯ ಸದ್ದು) 3, 7, 11, 15. ಮುಚ್ಚಿದ ಹೈಹ್ಯಾಟನ್ನು ಹದಿನಾರಕ್ಕೂ ಹಾಕಿ, ಸಮಸಂಖ್ಯೆಯ ಮನೆಗಳಲ್ಲಿ ವೆಲಾಸಿಟಿ (ಹೊಡೆತದ ಬಲ) ಅರ್ಧಕ್ಕಿಳಿಸಿ. ಆಗಲೇ ಯಂತ್ರದ ಬಡಿತ ಹೋಗಿ ನಡಿಗೆ ಬರುತ್ತದೆ.

ಬೇಸ್‌ಗೆ ವೈಟಲ್‌ನಲ್ಲಿ ಗರಗಸದ ಹಲ್ಲಿನ ಆಕಾರದ ಒಂದು ಅಲೆ (ಸಾ ವೇವ್), ಮೇಲಿನ ಕಂಪನಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್ 300 ಹರ್ಟ್ಸ್. ಎನ್‌ವಲಪ್ (ಸದ್ದು ಏರಿಳಿಯುವ ರೀತಿ): ಅಟ್ಯಾಕ್ (ಏರುವ ಸಮಯ) 0, ಡಿಕೇ (ಇಳಿಯುವ ಸಮಯ) 250 ಮಿಲಿಸೆಕೆಂಡ್, ಸಸ್ಟೇನ್ (ಇಳಿದ ಮೇಲೆ ನಿಲ್ಲುವ ಮಟ್ಟ) 0. ಅದೇ ಡಿಕೇ ಫಿಲ್ಟರ್‌ಗೂ ಕೊಟ್ಟರೆ ಪ್ರತಿ ಸ್ವರ "ಡುಂವ್" ಅಂತ ಬಾಯಿ ತೆರೆದು ಮುಚ್ಚುತ್ತದೆ. ರೆಡಿ ಪ್ರೀಸೆಟ್ ಮುಟ್ಟಬೇಡಿ, ಇದನ್ನು ಖಾಲಿ ಪ್ಯಾಚ್‌ನಿಂದಲೇ (ಸಿಂಥ್‌ನ ಖಾಲಿ ಸೆಟ್ಟಿಂಗ್‌ನಿಂದಲೇ) ಕಟ್ಟಿ.

ಹೊಸ_ಕಿವಿ:
ಮಾಡಿದೆ, ಥ್ಯಾಂಕ್ಸ್! ಕಿಕ್ ಒಂದೇ ಕೇಳಿದರೆ ಗಟ್ಟಿಯಾಗಿದೆ. ಕಿಕ್ ಇರುವ ಮನೆಗಳಲ್ಲೇ ಎ ಸ್ವರದ ಬೇಸ್ ಸೇರಿಸಿದ ಕೂಡಲೇ ಎರಡೂ ಮಂಕು, ಮಾಸ್ಟರ್ (ಎಲ್ಲಾ ಸದ್ದು ಸೇರುವ ಕೊನೆಯ ಚಾನೆಲ್) ಮೀಟರ್ ಕೆಂಪು. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಂತೂ ಬೇಸ್ ಕೇಳಿಸುವುದೇ ಇಲ್ಲ.

ಮಂದ್ರ_ಸ್ಥಾಯಿ:
ಎಲ್ಲರೂ ಎಡವುವ ಜಾಗ ಇದು, ಇಲ್ಲಿ ಸಮಯ ಕೊಡಿ. ಕಿಕ್‌ನ ಬಾಲ 50-60 ಹರ್ಟ್ಸ್ ಸುತ್ತ ಇರುತ್ತದೆ. ನಿಮ್ಮ ಬೇಸ್‌ನ ಎ ಸ್ವರ 55 ಹರ್ಟ್ಸ್ (ಎಫ್‌ಎಲ್‌ನಲ್ಲಿ ಎ2 ಅಂತ, ಏಬಲ್ಟನ್‌ನಲ್ಲಿ ಎ0 ಅಂತ ತೋರಿಸುತ್ತದೆ). ಎರಡೂ ಒಂದೇ ಬಾಗಿಲಲ್ಲಿ ನುಗ್ಗುತ್ತಿವೆ. ಅಲೆಗಳು ಕೂಡಿದ ಕಡೆ ಮೀಟರ್ ಹಾರುತ್ತದೆ, ಎದುರಾದ ಕಡೆ ಒಂದನ್ನೊಂದು ತಿಂದುಹಾಕುತ್ತವೆ.

ಮೊದಲು ಮಾಸ್ಟರ್‌ನಲ್ಲಿ ಲಿಮಿಟರ್ (ಸದ್ದು ಮಿತಿ ಮೀರದಂತೆ ಒತ್ತಿ ಹಿಡಿಯುವ ಪ್ಲಗಿನ್) ಕೂತಿದ್ದರೆ ತೆಗೆಯಿರಿ, ಅದು ತಪ್ಪನ್ನು ಮುಚ್ಚಿಡುತ್ತದೆ. ಕಿಕ್ ಒಂದನ್ನೇ ಬಿಟ್ಟು ಮೀಟರ್ ಮೈನಸ್ 10 ಡೆಸಿಬೆಲ್ ತೋರಿಸುವ ಹಾಗೆ ಅದರ ಫೇಡರ್ ಇಳಿಸಿ. ಬೇಸನ್ನು ಅದಕ್ಕಿಂತ ಎರಡು ಮೂರು ಡೆಸಿಬೆಲ್ ಕೆಳಗಿಡಿ. ಎಲ್ಲಾ ಸೇರಿ ಮಾಸ್ಟರ್ ಮೈನಸ್ 6 ದಾಟಬಾರದು. ಸದ್ದು ಕಮ್ಮಿ ಅನ್ನಿಸಿದರೆ ಹೆಡ್‌ಫೋನ್ ವಾಲ್ಯೂಮ್ ಏರಿಸಿ.

ಆಮೇಲೆ ಬೇಸ್ ಸ್ವರಗಳನ್ನು 1, 5, 9, 13ರಿಂದ ಎತ್ತಿ 3, 7, 11, 15ಕ್ಕೆ ಇಡಿ. ಅರ್ಧ ರೋಗ ಇಲ್ಲೇ ವಾಸಿ. ಉಳಿದದ್ದಕ್ಕೆ ಸೈಡ್‌ಚೈನ್ (ಒಂದು ಸದ್ದು ಬಂದಾಗ ಇನ್ನೊಂದನ್ನು ತಗ್ಗಿಸುವ ವಿಧಾನ): ಬೇಸ್ ಮೇಲೆ ಕಂಪ್ರೆಸರ್ (ಸದ್ದು ಒಂದು ಮಟ್ಟ ದಾಟಿದಾಗ ಅದನ್ನು ತಗ್ಗಿಸುವ ಪ್ಲಗಿನ್) ಹಾಕಿ ಅದಕ್ಕೆ ಕಿಕ್‌ನ ಸಂಕೇತ ಕೊಡಿ. ರೇಷಿಯೋ (ತಗ್ಗಿಸುವ ಪ್ರಮಾಣ) 4:1, ಅಟ್ಯಾಕ್ 1 ಮಿಲಿಸೆಕೆಂಡ್, ರಿಲೀಸ್ (ಮತ್ತೆ ಮೊದಲಿನ ಮಟ್ಟಕ್ಕೆ ಬರುವ ಸಮಯ) 120-150 ಮಿಲಿಸೆಕೆಂಡ್. ಕಿಕ್ ಬಿದ್ದಾಗ ಬೇಸ್ 4ರಿಂದ 6 ಡೆಸಿಬೆಲ್ ತಗ್ಗುವ ತನಕ ಥ್ರೆಶೋಲ್ಡ್ (ತಗ್ಗಿಸುವುದು ಶುರುವಾಗುವ ಮಟ್ಟ) ಇಳಿಸಿ. ರಿಲೀಸ್ 400 ದಾಟಿದರೆ ಮುಂದಿನ ಕಿಕ್ ಬರುವಷ್ಟರಲ್ಲಿ ಬೇಸ್ ಇನ್ನೂ ಎದ್ದಿರುವುದಿಲ್ಲ, ಏಕೆಂದರೆ 124ರಲ್ಲಿ ಒಂದು ಬೀಟ್ ಅಂದರೆ 484 ಮಿಲಿಸೆಕೆಂಡ್ ಮಾತ್ರ.

ಲ್ಯಾಪ್‌ಟಾಪ್ ಸ್ಪೀಕರ್ 55 ಹರ್ಟ್ಸ್ ಹೊರಡಿಸಲಾರದು. ಬೇಸ್‌ಗೆ ಸ್ವಲ್ಪ ಸ್ಯಾಚುರೇಶನ್ (ಹದವಾದ ಒರಟುತನ) ಕೊಟ್ಟರೆ 110, 165, 220ರಲ್ಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟು ಕಂಪನಗಳು) ಬಲವಾಗುತ್ತವೆ, ಕಿವಿ ಕೆಳಗಿನ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ.

ತಂತಿ_ತರಂಗ:
ಎಂಟು ಬಾರ್ ಚೆನ್ನಾಗಿ ಕೂತ ದಿನವೇ ಅದನ್ನು 96 ಬಾರ್‌ಗೆ ಹರಡಿ. 124ರಲ್ಲಿ ಅದು ಮೂರು ನಿಮಿಷದ ಮೇಲೆ ಆರು ಸೆಕೆಂಡ್. ಎಲ್ಲಾ ಟ್ರ್ಯಾಕ್ ಕೊನೆತನಕ ಎಳೆದು, ಆಮೇಲೆ ಅಳಿಸುತ್ತಾ ಬನ್ನಿ: ಮೊದಲ 16 ಬಾರ್ ಬೇಸ್ ಇಲ್ಲದೆ, ನಡುವೆ 8 ಬಾರ್ ಕಿಕ್ ಇಲ್ಲದೆ. ಲೂಪನ್ನೇ ತಿದ್ದುತ್ತಾ ಕೂತರೆ ಕಿವಿ ಅದಕ್ಕೆ ಒಗ್ಗಿಹೋಗಿ ತಪ್ಪೇ ಕೇಳಿಸುವುದಿಲ್ಲ.

ಗಮಕ_ಪ್ರಿಯೆ:
ಜೂನಿಯರ್‌ವರೆಗೆ ಕಲಿತಿದ್ದೀರಿ ಅಂದರೆ ಮೋಹನ ಗೊತ್ತೇ ಇರುತ್ತದೆ. ಷಡ್ಜವನ್ನು ಎ ಅಂತ ಇಟ್ಟರೆ ಪಿಯಾನೋ ರೋಲ್‌ನಲ್ಲಿ (ಸಾಫ್ಟ್‌ವೇರ್‌ನ ಸ್ವರ ಬರೆಯುವ ಪರದೆಯಲ್ಲಿ) ಅದು ಎ, ಬಿ, ಸಿ ಶಾರ್ಪ್, ಇ, ಎಫ್ ಶಾರ್ಪ್. ಆ ಐದು ಸಾಲು ಬಿಟ್ಟು ಬೇರೆ ಮುಟ್ಟಬೇಡಿ, ಮೆಲಡಿಯ ಅರ್ಧ ಚಿಂತೆ ಹೋಯಿತು. ಆದಿತಾಳದ ಎಂಟು ಎಣಿಕೆ ಎರಡು ಬಾರ್‌ಗೆ ಸರಿಯಾಗಿ ಕೂರುತ್ತದೆ.

ಜಾರು ಬೇಕಾದರೆ ವೈಟಲ್‌ನಲ್ಲಿ ವಾಯ್ಸ್ 1 ಮಾಡಿ, ಲೆಗಾಟೋ (ಸ್ವರಗಳನ್ನು ಬಿಡದೆ ಜೋಡಿಸುವುದು) ಆನ್, ಗ್ಲೈಡ್ (ಜಾರುವ ಸಮಯ) 80 ಮಿಲಿಸೆಕೆಂಡ್ ಇಟ್ಟು ಸ್ವರಗಳ ಅಂಚು ಒಂದರ ಮೇಲೊಂದು ಬರುವಂತೆ ಎಳೆಯಿರಿ. ಎಫ್‌ಎಲ್‌ನ ಸ್ಲೈಡ್ ನೋಟ್ ಅದರದೇ ಸಿಂಥ್‌ಗಳಿಗೆ ಮಾತ್ರ, ವೈಟಲ್‌ನಲ್ಲಿ ನಡೆಯುವುದಿಲ್ಲ.

ತಂಬೂರಿ ಶ್ರುತಿ ಸೇರಿಸುವ ಆಸೆಯಿದ್ದರೆ ಇದನ್ನು ನೋಡಿಕೊಳ್ಳಿ. 220 ಹರ್ಟ್ಸ್ ಷಡ್ಜದ ತಂತಿಯೊಳಗೆ ಗಾಂಧಾರ ಐದು ಪಟ್ಟಿನ ಹಾರ್ಮೋನಿಕ್ ಆಗಿ ತಾನಾಗಿಯೇ 1,100 ಹರ್ಟ್ಸ್‌ನಲ್ಲಿ ಮೊಳಗುತ್ತಿರುತ್ತದೆ. ಸಿಂಥ್‌ನ ಸಿ ಶಾರ್ಪ್ 277.18, ಅದರ ನಾಲ್ಕು ಪಟ್ಟಿನ ಹಾರ್ಮೋನಿಕ್ 1,108.7. ಹಾಗಾಗಿ ಗಾಂಧಾರದ ಮೇಲೆ ನಿಂತಾಗಲೆಲ್ಲ ಸೆಕೆಂಡಿಗೆ ಎಂಟೊಂಬತ್ತು ಸಲ ಸದ್ದು ನಡುಗುತ್ತದೆ. ಗಾಂಧಾರವನ್ನು 14 ಸೆಂಟ್ (ಒಂದು ಸೆಂಟ್ ಅಂದರೆ ಅಕ್ಕಪಕ್ಕದ ಎರಡು ಕೀಗಳ ಅಂತರದ ನೂರನೇ ಭಾಗ) ಇಳಿಸಿ, ಧೈವತವನ್ನು 16 ಸೆಂಟ್. ಇಳಿಸುತ್ತಾ ಹೋದಂತೆ ನಡುಕ ನಿಧಾನವಾಗಿ, ಒಂದು ಕಡೆ ಪೂರ್ತಿ ನಿಲ್ಲುತ್ತದೆ. ಅಲ್ಲೇ ಬಿಡಿ.