‘ಡಿಸೆನ್ಸ್’ಗೆ ಕನ್ನಡದಲ್ಲಿ ಒಂದು ಪದ ಸಾಕೇ, ಎರಡು ಬೇಕೇ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಲ್ಲಿ ಹೊಸದಾಗಿ ಹ್ಯಾಮ್ (ಹವ್ಯಾಸಿ) ರೇಡಿಯೊ ಲೈಸೆನ್ಸ್ ಪಡೆದವರಿಗಾಗಿ, ರಿಪೀಟರ್ ನೋಡಿಕೊಳ್ಳುವ ಬಗ್ಗೆ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ರಿಪೀಟರ್, ಆಂಟೆನಾ, ಕೇಬಲ್, ಡ್ಯೂಪ್ಲೆಕ್ಸರ್ ಇವನ್ನೆಲ್ಲ ಹಾಗೇ ಇಟ್ಟಿದ್ದೇನೆ. ಎಲ್ಲರ ಬಾಯಲ್ಲೂ ಅವೇ ಇರುವಾಗ ಸುಮ್ನೆ ಯಾಕೆ ಬದಲಾಯಿಸುವುದು? ನನಗೆ ತೊಡಕಾಗಿರುವುದು ‘ಡಿಸೆನ್ಸ್’ ಎಂಬ ಮಾತು, ಅಂದರೆ ರಿಪೀಟರ್‌ಗೆ ತನ್ನದೇ ದನಿಯಿಂದಾಗಿ ದೂರದವರ ಸಣ್ಣ ದನಿ ಕೇಳಿಸದೆ ಹೋಗುವುದು.

ಮೊದಲು ವಿಷಯ ಹೇಳಿಬಿಡುತ್ತೇನೆ. ಸಾಗರದ ಕಡೆ ಗುಡ್ಡಗಳ ಸಂದಿಯಲ್ಲಿರುವವರ ಕೈರೇಡಿಯೊ ನೇರವಾಗಿ ಶಿವಮೊಗ್ಗ ಮುಟ್ಟುವುದಿಲ್ಲ. ಎತ್ತರದಲ್ಲಿರುವ ರಿಪೀಟರ್ ಅದನ್ನು ಕೇಳಿಸಿಕೊಂಡು, ಆ ಕ್ಷಣವೇ ಜೋರಾಗಿ ಮತ್ತೆ ಹೇಳುತ್ತದೆ. ಕೇಳುವುದು 145.150 ಮೆಗಾಹರ್ಟ್ಸ್‌ನಲ್ಲಿ, ಹೇಳುವುದು 145.750ರಲ್ಲಿ ಅಂದುಕೊಳ್ಳಿ. ನಡುವೆ ಇರುವುದು ಬರೀ 600 ಕಿಲೋಹರ್ಟ್ಸ್. ಎರಡಕ್ಕೂ ಆಂಟೆನಾ ಒಂದೇ. ಟ್ರಾನ್ಸ್‌ಮಿಟರ್ 25 ವ್ಯಾಟ್ ಹೊರಹಾಕುತ್ತಿರುವಾಗಲೇ ರಿಸೀವರ್ ಒಂದು ಮೈಕ್ರೋವೋಲ್ಟ್‌ಗಿಂತಲೂ ಸಣ್ಣ ದನಿಗೆ ಕಾಯುತ್ತಿರುತ್ತದೆ. ಇವೆರಡನ್ನು ದೂರ ಇಡುವುದೇ ಡ್ಯೂಪ್ಲೆಕ್ಸರ್‌ನ ಕೆಲಸ. ಈ ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಅದು ಆರು ಉದ್ದನೆಯ ಲೋಹದ ಡಬ್ಬಿಗಳ ಸಾಲು. ಮೂರು ಟ್ರಾನ್ಸ್‌ಮಿಟರ್ ಕಡೆಗೆ, ಮೂರು ರಿಸೀವರ್ ಕಡೆಗೆ. ಪ್ರತಿ ಡಬ್ಬಿಯೊಳಗೂ ಸುಮಾರು ಅರ್ಧ ಮೀಟರ್ ಉದ್ದದ ಒಂದು ಕಂಬಿ. ಅದನ್ನು ಕೂದಲೆಳೆಯಷ್ಟು ಸರಿಸಿದರೂ ಡಬ್ಬಿಯ ಶ್ರುತಿ ಬದಲಾಗುತ್ತದೆ.

ಶ್ರುತಿ ಕೆಟ್ಟಾಗ ಏನಾಗುತ್ತದೆ? ದೂರದವರ ಸಣ್ಣ ದನಿಗೆ ರಿಪೀಟರ್ ಎದ್ದುಕೊಳ್ಳುತ್ತದೆ. ತಾನು ಮಾತಾಡಲು ಶುರುಮಾಡಿದ ಕೂಡಲೇ ಆ ದನಿ ಅದಕ್ಕೆ ಕೇಳಿಸುವುದಿಲ್ಲ, ಹಾಗಾಗಿ ಸುಮ್ಮನಾಗುತ್ತದೆ. ಸುಮ್ಮನಾದ ಮೇಲೆ ಮತ್ತೆ ಕೇಳಿಸುತ್ತದೆ, ಮತ್ತೆ ಏಳುತ್ತದೆ. ಇತ್ತ ಕೇಳುವವರಿಗೆ ಬರೀ ಕಟ್ ಕಟ್. ಹತ್ತಿರದವರ ಜೋರು ದನಿ ಮಾತ್ರ ಏನೂ ತೊಂದರೆಯಿಲ್ಲದೆ ದಾಟುತ್ತದೆ. ಇದೇ ಡಿಸೆನ್ಸ್.

ನಮ್ಮಲ್ಲಿ ಕೆಲವರು ‘ರಿಪೀಟರ್ ಕಿವುಡಾಗಿದೆ’ ಅನ್ನುತ್ತಾರೆ. ಮಾತು ಚೆನ್ನಾಗಿದೆ, ಆದರೆ ಕೈಪಿಡಿಗೆ ಸಾಲದು ಅನ್ನಿಸುತ್ತಿದೆ. ಹೊರಗಿನಿಂದ ಒಂದೇ ಥರ ಕಾಣುವ ಈ ತೊಂದರೆಗೆ ಕಾರಣ ಎರಡು. ಒಂದು, ಟ್ರಾನ್ಸ್‌ಮಿಟರ್‌ನ ಜೋರು ಸಿಗ್ನಲ್ ರಿಸೀವರ್‌ಗೆ ನುಗ್ಗಿ ಅದರ ಸೂಕ್ಷ್ಮತೆಯೇ ಕುಗ್ಗುವುದು. ಇನ್ನೊಂದು, ಟ್ರಾನ್ಸ್‌ಮಿಟರ್ ತನ್ನ ಅಕ್ಕಪಕ್ಕಕ್ಕೂ ಚೆಲ್ಲುವ ಸಣ್ಣ ‘ಸುಯ್’ ಸದ್ದು ಸರಿಯಾಗಿ 145.150ರ ಮೇಲೇ ಬಿದ್ದು, ದೂರದ ದನಿಯನ್ನು ಮುಳುಗಿಸುವುದು. ಎರಡನೆಯದರಲ್ಲಿ ರಿಸೀವರ್‌ಗೆ ಏನೂ ಆಗಿಲ್ಲ, ಅದರ ಕಿವಿ ನೆಟ್ಟಗಿದೆ. ಗದ್ದಲದಲ್ಲಿ ದನಿ ಮುಳುಗಿದೆ, ಅಷ್ಟೇ.

ಮದ್ದೂ ಬೇರೆ ಬೇರೆ. ಮೊದಲನೆಯದಕ್ಕೆ ರಿಸೀವರ್ ಕಡೆಯ ಡಬ್ಬಿಗಳನ್ನು ಸರಿಮಾಡಬೇಕು. ಎರಡನೆಯದಕ್ಕೆ ಟ್ರಾನ್ಸ್‌ಮಿಟರ್ ಕಡೆಯವನ್ನು. ಯಾವುದೆಂದು ಗೊತ್ತಾಗದಿದ್ದರೆ ಬೇರೆ ಒಂದು ಡಬ್ಬಿಯನ್ನು ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ ಸೇರಿಸಿ ನೋಡಬೇಕು. ಎಲ್ಲಿ ಸೇರಿಸಿದಾಗ ಗುಣವಾಗುತ್ತದೋ ರೋಗ ಅಲ್ಲಿದೆ. ‘ಕಿವುಡು’ ಅಂತ ಬರೆದರೆ ಹೊಸಬರು ರಿಸೀವರ್ ಕಡೆಯ ಸ್ಕ್ರೂಗಳನ್ನೇ ತಿರುಗಿಸುತ್ತ ಕೂರುತ್ತಾರೆ. ಸರಿಯಿದ್ದ ಶ್ರುತಿಯೂ ಹೋಗುತ್ತದೆ.

ಅದಕ್ಕೇ ನನ್ನ ಸಲಹೆ: ಮೊದಲನೆಯದಕ್ಕೆ ‘ಕಿವಿ ಮಂದವಾಗುವುದು’, ಎರಡನೆಯದಕ್ಕೆ ‘ದನಿ ಮುಳುಗುವುದು’. ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು ಅಂತ ನಾವು ಬೇರೆ ಬೇರೆ ಹೇಳುತ್ತೇವಲ್ವಾ, ಇಲ್ಲೂ ಹಾಗೆ ಇರಲಿ ಅನ್ನುವುದು ನನ್ನ ಆಸೆ. ಇವಕ್ಕಿಂತ ಚಿಕ್ಕದಾದ, ಬಾಯಿಗೆ ಹತ್ತುವ ಪದ ಇದ್ದರೆ ಖಂಡಿತ ತಿಳಿಸಿ.

ತುಕ್ಕು, ಕಿಲುಬಿನ ಮಾತು ಬಂತಾದ್ದರಿಂದ ಇದನ್ನೂ ಹೇಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಎಷ್ಟೋ ಸಲ ಡಬ್ಬಿಗಳ ತಪ್ಪೇ ಇರುವುದಿಲ್ಲ. ಆಂಟೆನಾ ಬಿಚ್ಚಿ, ಅದರ ಜಾಗಕ್ಕೆ ಡಮ್ಮಿ ಲೋಡ್ (ಸಿಗ್ನಲ್ಲನ್ನು ಹೊರಗೆ ಬಿಡದೆ ತಾನೇ ನುಂಗಿಕೊಳ್ಳುವ ಸಾಧನ) ಹಾಕಿ ನೋಡಿ. ಆಗ ಎಲ್ಲ ಸರಿಯಾದರೆ ತೊಂದರೆ ಮೇಲಿದೆ ಅಂತ ಅರ್ಥ. ಕನೆಕ್ಟರ್ ಬಿಚ್ಚಿದರೆ ಒಳಗೆ ನೀರು, ನಡುವಿನ ಪಿನ್ ಮೇಲೆ ಹಸಿರು ಕಿಲುಬು. ಇಲ್ಲವೇ ಟವರ್‌ನ ಕ್ಲಾಂಪ್ ತುಕ್ಕು ಹಿಡಿದು ಸಡಿಲವಾಗಿರುತ್ತದೆ. ಟ್ರಾನ್ಸ್‌ಮಿಟರ್ ಆನ್ ಆದಾಗ ಆ ಸಡಿಲ ಜಾಗವೇ ಚಟಪಟ ಸದ್ದು ಹುಟ್ಟಿಸುತ್ತದೆ. ಇದಕ್ಕೂ ‘ದನಿ ಮುಳುಗುವುದು’ ಅನ್ನಬಹುದು ಅಂತ ನನ್ನ ಲೆಕ್ಕ. ಮುಳುಗಿಸುವ ಸದ್ದು ಎಲ್ಲಿಂದ ಬಂತು ಎಂಬುದಷ್ಟೇ ಬೇರೆ.

ಉಳಿದ ಪದಗಳು ಇಷ್ಟು ಕಾಡಿಲ್ಲ. ರೇಡಿಯೊದಲ್ಲಿ ಟ್ಯೂನ್ ಮಾಡುವುದಕ್ಕೆ ‘ಸ್ಟೇಷನ್ ಹಿಡಿಯುವುದು’, ಡಬ್ಬಿಯನ್ನು ಟ್ಯೂನ್ ಮಾಡುವುದಕ್ಕೆ ‘ಶ್ರುತಿ ಮಾಡುವುದು’. ಬೇಡದ ಫ್ರೀಕ್ವೆನ್ಸಿಯನ್ನು ತಡೆಯುವ ‘ನಾಚ್’ಗೆ ‘ಕಚ್ಚು’ ಅಂದಿದ್ದೇನೆ. ಮರಗೆಲಸದವರ ಕಚ್ಚು ನೋಡಿದವರಿಗೆ ಗ್ರಾಫ್‌ನಲ್ಲಿ ಕಾಣುವ ಆಳದ ಗೆರೆ ತಕ್ಷಣ ಹೊಳೆಯುತ್ತದೆ.

ಇನ್ನೊಂದು ಪದಕ್ಕೆ ಸಹಾಯ ಬೇಕು: ‘ಇನ್ಸರ್ಷನ್ ಲಾಸ್’. 25 ವ್ಯಾಟ್ ಒಳಗೆ ಹೋದರೆ ಡ್ಯೂಪ್ಲೆಕ್ಸರ್‌ನಿಂದ ಹೊರಗೆ ಬರುವುದು 17–18 ವ್ಯಾಟ್. 1.5 ಡೆಸಿಬೆಲ್ ಡಬ್ಬಿಗಳಲ್ಲೇ ಬಿಸಿಯಾಗಿ ಹೋಗುತ್ತದೆ. ‘ಸೋರಿಕೆ’ ಅನ್ನುವಂತಿಲ್ಲ. ಒಂದೇ ಪದರದ ಹೆಣಿಗೆ ಇರುವ ಅಗ್ಗದ ಕೇಬಲ್‌ನಿಂದ ಸಿಗ್ನಲ್ ಹೊರಗೆ ಸೋರುತ್ತದಲ್ಲ, ಆ ಪದ ಅದಕ್ಕೇ ಬೇಕು. ಅಕ್ಕಸಾಲಿಗರ ‘ತೇಮಾನು’ ಇಲ್ಲಿ ಹೊಂದೀತೇ? ಕೆಲಸ ಮಾಡಿಸಿಕೊಳ್ಳಬೇಕಾದರೆ ಇಷ್ಟು ಹೋಗಿಯೇ ಹೋಗುತ್ತದೆ ಎಂಬ ಅರ್ಥ ಅದರಲ್ಲಿದೆ. ಅಡಿಕೆ ಒಣಗಿದಾಗ ಇಳಿಯುವ ತೂಕಕ್ಕೆ ತೀರ್ಥಹಳ್ಳಿ, ಹೊಸನಗರದ ಕಡೆ ಬೇರೆ ಮಾತೇನಾದರೂ ಇದೆಯೇ? ಮಂಡಿಯಲ್ಲಿ ಓಡಾಡುವವರು ದಯವಿಟ್ಟು ಬರೆಯಿರಿ. ಅದು ಇದಕ್ಕಿಂತ ಚೆನ್ನಾಗಿ ಕೂತರೆ ಅದನ್ನೇ ಹಾಕುತ್ತೇನೆ.