ಮನೆಯಲ್ಲಿ ಕೋಲ್ಡ್ ಪ್ಲಂಜ್ ತೊಟ್ಟಿ: ಪೈಪು, ಮೋರಿ, ನೀರು ಹೊರಗೆ ಬಿಡುವ ಬಗೆ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಮನೆಯ ಹಿಂದಿನ ಯುಟಿಲಿಟಿ ಜಾಗದಲ್ಲಿ ಕೋಲ್ಡ್ ಪ್ಲಂಜ್ ತೊಟ್ಟಿ, ಅಂದರೆ ತಣ್ಣನೆಯ ನೀರಿನಲ್ಲಿ ಮೈ ಮುಳುಗಿಸಿ ಕೂರುವ ತೊಟ್ಟಿ ಇಡಬೇಕು ಅಂತಿದ್ದೇವೆ. ಸುಮಾರು 400 ಲೀಟರ್ ನೀರು ಹಿಡಿಯುತ್ತದೆ. ಜೊತೆಗೆ ನೀರು ತಣ್ಣಗೆ ಮಾಡುವ ಚಿಲ್ಲರ್ ಬರುತ್ತದೆ. ಅಲ್ಲಿ ವಾಷಿಂಗ್ ಮೆಷಿನ್‌ಗೆ ಅಂತ ಕೊಟ್ಟ ಒಂದು ನಲ್ಲಿ, ನೆಲದಲ್ಲಿ ಒಂದು ಜಾಲಿ ಇದೆ. ತೊಟ್ಟಿಯ ತಳದ ಪೈಪನ್ನು ನೇರವಾಗಿ ಮೋರಿ ಪೈಪಿಗೆ ಸೇರಿಸಿ ಸಲ್ಯೂಷನ್ (ಪೈಪು ಅಂಟಿಸುವ ಅಂಟು) ಹಾಕಿ ಮುಚ್ಚಿಬಿಡಬಹುದಾ? ನೋಡೋಕೂ ನೀಟಾಗಿರುತ್ತದೆ ಅಲ್ವಾ? ಪ್ಲಂಬಿಂಗ್ ಗೊತ್ತಿರುವವರು ದಯವಿಟ್ಟು ಹೇಳಿ.

ಪ್ಲಂಬರ್ ಉತ್ತರ: ನೇರವಾಗಿ ಮಾತ್ರ ಸೇರಿಸಬೇಡಿ ಸರ್. ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಆಮೇಲೆ ಸರಿಪಡಿಸಿಕೊಳ್ಳಬಹುದು.

ಮುಂದೆ ಎಲ್ಲೋ ಲೈನ್ ಕಟ್ಟಿಕೊಂಡಿತು ಅಂದುಕೊಳ್ಳಿ. ಮೋರಿ ನೀರು ಹಿಂದಕ್ಕೆ ಏರುತ್ತದೆ. ಪೈಪು ಮುಚ್ಚಿಕೊಂಡೇ ತೊಟ್ಟಿಯವರೆಗೆ ಬಂದಿದ್ದರೆ ಆ ಕೊಳಕು ತೊಟ್ಟಿಯ ತಳದ ಪೈಪಿನ ವಾಲ್ವಿನ ಬಾಯಿಗೆ ಬಂದು ನಿಲ್ಲುತ್ತದೆ. ವಾಲ್ವ್ ತೆರೆದ ಹೊತ್ತಿನಲ್ಲೇ ಹಾಗಾದರೆ ನೀವು ಮೈ ಮುಳುಗಿಸುವ ನೀರಿಗೇ ಸೇರುತ್ತದೆ. ಅದಕ್ಕೇ ತೊಟ್ಟಿಯ ಪೈಪು ಜಾಲಿಯ ಮೇಲೆ, ಗಾಳಿಯಲ್ಲಿ ಕೊನೆಯಾಗಬೇಕು. ಪೈಪಿನ ಅಗಲದ ಎರಡು ಪಟ್ಟು ಅಂತರ ಬಿಡಿ. 40 ಮಿ.ಮೀ. ಪೈಪಿಗೆ 80 ಮಿ.ಮೀ. ನೀರು ಸಿಡಿಯುತ್ತದೆ ಅನ್ನಿಸಿದರೆ ಜಾಲಿಯ ಮೇಲೆ ಅಗಲ ಬಾಯಿಯ ಆಲಿಕೆ ಕೂರಿಸಿ.

ಇನ್ನೊಂದು ಲಾಭ ಇದೆ. ಆ ವಾಲ್ವ್ (ಹಿಡಿ ತಿರುಗಿಸಿ ತೆರೆಯುವ ಬಾಲ್ ವಾಲ್ವ್) ಒಳಗೆ ಸಣ್ಣಗೆ ಸೋರಲು ಶುರುವಾದರೆ ಪೈಪಿನ ತುದಿಯಲ್ಲಿ ಹನಿ ಕಾಣುತ್ತದೆ. ಮುಚ್ಚಿದ ಪೈಪಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ತಣ್ಣಗೆ ಮಾಡಿದ ನೀರು ಹಗಲು ರಾತ್ರಿ ಮೋರಿಗೆ ಹೋಗುತ್ತಿರುತ್ತದೆ, ಚಿಲ್ಲರ್ ಸುಮ್ನೆ ಓಡುತ್ತಿರುತ್ತದೆ.

ಈ ಅಂತರ ಸಿಗಬೇಕಾದರೆ ತೊಟ್ಟಿ ಎತ್ತರದಲ್ಲಿರಬೇಕು. 15ರಿಂದ 20 ಸೆಂ.ಮೀ. ಗಟ್ಟಿ ಕಟ್ಟೆ ಮಾಡಿಸಿ. ಪೈಪಿಗೆ ಮೀಟರಿಗೆ 2 ಸೆಂ.ಮೀ. ವಾಟ (ಇಳಿಜಾರು) ಕೊಡಿ. ಸುತ್ತಲಿನ ನೆಲಕ್ಕೂ ಜಾಲಿಯ ಕಡೆಗೆ ವಾಟ ಇರಲಿ, ಮೀಟರಿಗೆ 1 ಸೆಂ.ಮೀ. ಸಾಕು.

ನಿಮ್ಮ ಜಾಲಿಯ ಕೆಳಗೆ ಟ್ರ್ಯಾಪ್, ಅಂದರೆ ನೀರು ನಿಲ್ಲುವ ಬಾಗು ಇದೆಯಾ ನೋಡಿ. ಅದರಲ್ಲಿ ಸುಮಾರು 5 ಸೆಂ.ಮೀ. ನೀರು ನಿಂತಿದ್ದರೆ ವಾಸನೆ ಮೇಲೆ ಬರುವುದಿಲ್ಲ. ತೊಟ್ಟಿ ಖಾಲಿ ಮಾಡುವುದು ಅಪರೂಪ, ಹಾಗಾಗಿ ಆ ನೀರು ಆರಿಹೋಗುತ್ತದೆ. ಆಗಾಗ ಒಂದು ಚೊಂಬು ನೀರು ಹುಯ್ಯುವುದನ್ನು ರೂಢಿ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. 40 ಮಿ.ಮೀ. ಪೈಪಿನಿಂದ ಬರುವ ನೀರನ್ನು ಆ ಒಂದು ಜಾಲಿ ತಡೆದುಕೊಳ್ಳುತ್ತದಾ?

ಪ್ಲಂಬರ್: ವಾಲ್ವ್ ಪೂರ್ತಿ ತೆರೆದರೆ ತಡೆದುಕೊಳ್ಳುವುದಿಲ್ಲ. ತೊಟ್ಟಿಯಲ್ಲಿ ಅರ್ಧ ಮೀಟರ್ ನೀರಿದ್ದರೆ ಶುರುವಿನಲ್ಲಿ ಸೆಕೆಂಡಿಗೆ ಒಂದೂವರೆ ಎರಡು ಲೀಟರ್ ನುಗ್ಗಬಹುದು. ಸಾಮಾನ್ಯ ಜಾಲಿಗೆ ಅದು ಜಾಸ್ತಿ, ಯುಟಿಲಿಟಿ ಪೂರ್ತಿ ಕೆರೆಯಾಗುತ್ತದೆ.

ಹೀಗೆ ಮಾಡಿ. ಪೈಪಿನ ತುದಿಗೆ 10 ಲೀಟರ್ ಬಕೆಟ್ ಹಿಡಿಯಿರಿ. 20 ಸೆಕೆಂಡಿನಲ್ಲಿ ಬಕೆಟ್ ತುಂಬುವಷ್ಟು ಮಾತ್ರ ವಾಲ್ವ್ ತೆರೆಯಿರಿ. ಅಂದರೆ ಸೆಕೆಂಡಿಗೆ ಅರ್ಧ ಲೀಟರ್. ಹಿಡಿ ಎಲ್ಲಿ ನಿಂತಿತೋ ಅಲ್ಲಿ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಈ ಲೆಕ್ಕದಲ್ಲಿ 400 ಲೀಟರ್ ಕಾಲು ಗಂಟೆಯ ಆಸುಪಾಸಿನಲ್ಲಿ ಇಳಿಯುತ್ತದೆ. ಮಟ್ಟ ಇಳಿದಂತೆ ರಭಸ ಕಮ್ಮಿಯಾಗುತ್ತದೆ, ಆಗ ಹಿಡಿಯನ್ನು ಇನ್ನಷ್ಟು ತಿರುಗಿಸಿದರಾಯಿತು.

ತುಂಬಿಸುವಾಗಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ನಲ್ಲಿಗೆ ಹೋಸ್ ಸಿಕ್ಕಿಸಿ, ತುದಿಯನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಬಿಡುವುದು ಎಲ್ಲರ ಅಭ್ಯಾಸ. ಆ ಹೊತ್ತಿನಲ್ಲಿ ಮನೆಯ ಲೈನಿನಲ್ಲಿ ಒತ್ತಡ ಬಿದ್ದುಹೋದರೆ ತೊಟ್ಟಿಯ ನೀರು ಹೋಸಿನ ಮೂಲಕ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದೇ ಲೈನಿನಿಂದ ಅಡುಗೆಮನೆಗೂ ನೀರು ಹೋಗುತ್ತಿರುತ್ತದೆ ಅನ್ನುವುದು ನೆನಪಿರಲಿ. ಹೋಸಿನ ತುದಿ ಯಾವಾಗಲೂ ತೊಟ್ಟಿಯ ಅಂಚಿಗಿಂತ ಮೇಲೆ ಇರಬೇಕು. ಒಂದು ಕ್ಲಿಪ್ ಹಾಕಿ ಬಿಗಿ ಮಾಡಿ.

ಇನ್ನೊಬ್ಬ ಸದಸ್ಯೆ: ನಮ್ಮದೂ ಇದೇ ಅಳತೆಯ ತೊಟ್ಟಿ. ಒಳಗೆ ಕೂತ ಕೂಡಲೇ ನೀರು ಚೆಲ್ಲಿ ನೆಲವೆಲ್ಲ ಒದ್ದೆ. ಹೆಚ್ಚಾದ ನೀರು ಹೊರಹೋಗಲು ಓವರ್‌ಫ್ಲೋ ಪೈಪು ಹಾಕಿಸಬೇಕಾ?

ಪ್ಲಂಬರ್: ಮೊದಲು ನೀರಿನ ಮಟ್ಟ ಇಳಿಸಿ ನೋಡಿ ಮೇಡಂ. ಕುತ್ತಿಗೆವರೆಗೆ ಮುಳುಗಿದ ಮೈ ಸುಮಾರು 60 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. 1.2 ಮೀಟರ್ ಉದ್ದ, 60 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಅಷ್ಟಕ್ಕೆ ನೀರು 8 ಸೆಂ.ಮೀ. ಮೇಲೇರುತ್ತದೆ. ಕೂರುವಾಗಿನ ಅಲೆಯೂ ಸೇರಿ ಅಂಚಿನಿಂದ 12 ಸೆಂ.ಮೀ. ಖಾಲಿ ಬಿಡಿ. ಮನೆಯಲ್ಲಿ ದಪ್ಪ ಮೈಯವರಿದ್ದರೆ ಇನ್ನೂ ಸ್ವಲ್ಪ. ಓವರ್‌ಫ್ಲೋ ಹಾಕಿಸಿದರೆ ಒಳ್ಳೆಯದೇ, ಆದರೆ ಅದಕ್ಕೆ ವಾಲ್ವ್ ಕೂಡದು, ಅದರ ತುದಿಯೂ ಜಾಲಿಯ ಮೇಲೆ ಗಾಳಿಯಲ್ಲೇ ಇರಬೇಕು.

ಪ್ರಶ್ನೆ ಕೇಳಿದವರು: ಚಿಲ್ಲರ್ ಕಡೆಯ ಪೈಪುಗಳನ್ನು ಹೇಗೆ ಜೋಡಿಸಬೇಕು?

ಪ್ಲಂಬರ್: ತೊಟ್ಟಿಯಿಂದ ಪಂಪ್, ಪಂಪಿನಿಂದ ಫಿಲ್ಟರ್, ಫಿಲ್ಟರಿನಿಂದ ಚಿಲ್ಲರ್, ಮತ್ತೆ ತೊಟ್ಟಿಗೆ. ಫಿಲ್ಟರ್ ಚಿಲ್ಲರಿನ ಮುಂಚೆ ಇರಲೇಬೇಕು. ಇಲ್ಲದಿದ್ದರೆ ಕೂದಲು, ಮೈ ಜಿಡ್ಡು ಎಲ್ಲ ಚಿಲ್ಲರಿನ ಒಳಗೆ ಕೂರುತ್ತದೆ. ನೀರು ಹೀರುವ ತೂತು ಒಂದು ತುದಿಯಲ್ಲಿ ಕೆಳಗೆ, ವಾಪಸ್ ಬರುವ ತೂತು ಇನ್ನೊಂದು ತುದಿಯಲ್ಲಿ ಇರಲಿ. ಎರಡೂ ಅಕ್ಕಪಕ್ಕ ಇದ್ದರೆ ತಣ್ಣಗಾದ ನೀರೇ ಮತ್ತೆ ಪಂಪಿಗೆ ಹೋಗುತ್ತದೆ, ತೊಟ್ಟಿಯ ಉಳಿದ ಭಾಗ ಬೆಚ್ಚಗೇ ಇರುತ್ತದೆ.

ಹೀರುವ ತೂತಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಒಂದೇ ಬರಿಯ ತೂತು ಬೇಡ. ದೂರ ದೂರ ಎರಡು ತೂತು ಮಾಡಿ, ಎರಡು ಪೈಪನ್ನು ಒಂದಾಗಿಸುವ 'T' ಆಕಾರದ ಜಾಯಿಂಟ್ ಹಾಕಿ ಪಂಪಿಗೆ ಸೇರಿಸಿ. ಎರಡಕ್ಕೂ ಉಬ್ಬಿದ ಆಕಾರದ ಸುರಕ್ಷತಾ ಮುಚ್ಚಳ ಸ್ಕ್ರೂ ಹಾಕಿ ಬಿಗಿಯಬೇಕು. ಉದ್ದ ಕೂದಲು ಆ ತೂತಿಗೆ ಸಿಕ್ಕಿಕೊಂಡರೆ ತಲೆ ಮೇಲೆತ್ತಲು ಆಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ತೊಟ್ಟಿಗೆ ಬೀಗ ಹಾಕುವ ಮುಚ್ಚಳವೂ ಬೇಕೇ ಬೇಕು.

ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿರಲಿ, ಗಾಳಿ ಹಿಡಿಯುವ ತಲೆನೋವು ಇರುವುದಿಲ್ಲ. ಪಂಪ್, ಫಿಲ್ಟರ್, ಚಿಲ್ಲರ್ ಒಂದೊಂದರ ಎರಡೂ ಕಡೆ ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಜಾಯಿಂಟ್) ಮತ್ತು ಬಾಲ್ ವಾಲ್ವ್ ಹಾಕಿಸಿ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಆಮೇಲೆ ಒಂದು ವಾಷರ್ ಬದಲಿಸಬೇಕಾದರೂ ಪೈಪು ಕತ್ತರಿಸಿ 400 ಲೀಟರ್ ನೀರು ಚೆಲ್ಲಬೇಕಾಗುತ್ತದೆ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಪೈಪು ಸಾಕು. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಬೇಡ, ಕ್ಲೋರಿನ್ ನೀರಿಗೆ ತುಕ್ಕು ಹಿಡಿಯುತ್ತದೆ.

ತಣ್ಣೀರು ಓಡುವ ಪೈಪು ಹೊರಗಿನಿಂದ ಬೆವರುತ್ತದೆ. ಎಷ್ಟೋ ಜನ ಅದನ್ನು ಲೀಕ್ ಅಂದುಕೊಂಡು ಫೋನ್ ಮಾಡುತ್ತಾರೆ. ಕಪ್ಪು ರಬ್ಬರ್ ಫೋಮ್ ತೋಳು ಸಿಗುತ್ತದಲ್ಲ, ಅದನ್ನು ಪೈಪಿಗೆ ಹಾಕಿ ಸೀಳಿನ ಉದ್ದಕ್ಕೂ ಅಂಟು ಹಚ್ಚಿ ಮುಚ್ಚಿ. ಎಲ್ಬೋ, ಯೂನಿಯನ್ ಬಿಟ್ಟುಬಿಟ್ಟರೆ ಅಲ್ಲಿಂದಲೇ ಹನಿ ಬಿದ್ದು ಗೋಡೆಗೆ ಬೂಸ್ಟು ಬರುತ್ತದೆ.

ಮತ್ತೊಬ್ಬ ಸದಸ್ಯರು: ನಮ್ಮದು ಮೊದಲ ಮಹಡಿಯ ಬಾಲ್ಕನಿ. ಮೋರಿ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತದೆ. ನಡೆಯುತ್ತದಾ?

ಪ್ಲಂಬರ್: ಮೊದಲು ತೂಕದ ಮಾತು. ನೀರು 400 ಕೆ.ಜಿ., ಮೇಲೆ ತೊಟ್ಟಿ, ಒಬ್ಬ ಮನುಷ್ಯ. 500 ಕೆ.ಜಿ. ದಾಟುತ್ತದೆ. ಅದೆಲ್ಲ ಒಂದು ಚದರ ಮೀಟರ್ ಕೂಡ ಇಲ್ಲದ ಜಾಗದ ಮೇಲೆ ಕೂರುತ್ತದೆ. ಮನೆಯ ಕೋಣೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಆಸುಪಾಸಿನ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಸೈ ಅನ್ನುವವರೆಗೆ ತೊಟ್ಟಿ ಬುಕ್ ಮಾಡಬೇಡಿ ಸರ್. ಇದು ಪ್ಲಂಬರ್ ಹೇಳುವ ವಿಷಯ ಅಲ್ಲ.

ಸೆಪ್ಟಿಕ್ ಟ್ಯಾಂಕಿಗೆ ಇಷ್ಟು ನೀರನ್ನು ಒಟ್ಟಿಗೆ ಬಿಡಬಾರದು. ತಳದಲ್ಲಿ ಕೂತ ಕೆಸರು ಕದಡಿ ಇಂಗು ಗುಂಡಿಗೆ ಹೋಗುತ್ತದೆ, ಗುಂಡಿ ಕಟ್ಟಿಕೊಳ್ಳುತ್ತದೆ. ಕ್ಲೋರಿನ್ ಇದ್ದರೆ ಅಲ್ಲಿ ಕೊಳೆ ಕರಗಿಸುವ ಜೀವಾಣುಗಳಿಗೂ ಪೆಟ್ಟು. ಖಾಲಿ ಮಾಡುವ ಎರಡು ಮೂರು ದಿನ ಮುಂಚೆ ಕ್ಲೋರಿನ್ ಹಾಕುವುದು ನಿಲ್ಲಿಸಿ, ಮುಚ್ಚಳ ತೆಗೆದಿಡಿ. ಕ್ಲೋರಿನ್ ಅಳೆಯುವ ಟೆಸ್ಟ್ ಪಟ್ಟಿಯಲ್ಲಿ ಸೊನ್ನೆ ತೋರಿಸಿದ ಮೇಲೆ ಗಿಡಗಳಿಗೆ ನಿಧಾನವಾಗಿ ಬಿಡಿ. ಉಪ್ಪು ಬೆರೆಸಿದ ನೀರಾದರೆ ಗಿಡಕ್ಕೆ ಬೇಡ.

ಇನ್ನೊಬ್ಬ ಸದಸ್ಯೆ: ತಣ್ಣಗಿರುವ ನೀರಿಗೆ ಕ್ಲೋರಿನ್ ಯಾಕೆ ಬೇಕು?

ಪ್ಲಂಬರ್: ತಂಪಿನಲ್ಲಿ ರೋಗಾಣು ನಿಧಾನವಾಗಿ ಬೆಳೆಯುತ್ತವೆ ಅಷ್ಟೇ, ಸಾಯುವುದಿಲ್ಲ. ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.8ರ ಒಳಗೆ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು: ಕೊನೆಯದಾಗಿ ಸರ್, ಎಲ್ಲ ಜೋಡಿಸಿದ ದಿನವೇ ಚಿಲ್ಲರ್ ಆನ್ ಮಾಡಬಹುದಾ?

ಪ್ಲಂಬರ್: ಬೇಡ. ಸಲ್ಯೂಷನ್ ಹಾಕಿದ ಜಾಯಿಂಟುಗಳಿಗೆ 24 ಗಂಟೆ ಕೊಡಿ. ಆಮೇಲೆ ನೀರು ತುಂಬಿಸಿ, ಬರೀ ಪಂಪ್ ಓಡಿಸಿ. ಪೈಪಿಗೆ ಫೋಮ್ ಹಾಕುವ ಮುಂಚೆಯೇ ಇದು ಆಗಬೇಕು. ಒಂದೊಂದು ಜಾಯಿಂಟಿಗೂ ಒಣ ಟಿಶ್ಯೂ ಸುತ್ತಿ ರಾತ್ರಿಯಿಡೀ ಬಿಡಿ. ಇನ್ನೂ ತಣ್ಣಗೆ ಮಾಡಿಲ್ಲವಾದ್ದರಿಂದ ಬೆವರು ಇರುವುದಿಲ್ಲ, ಟಿಶ್ಯೂ ಒದ್ದೆಯಾದರೆ ಅದು ಲೀಕೇ. ಪಂಪ್ ಮತ್ತು ಚಿಲ್ಲರ್ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್), ಸರಿಯಾದ ಅರ್ತಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಅದಾದ ಮೇಲೆ ಚಿಲ್ಲರ್ ಆನ್ ಮಾಡಿ. 28 ಡಿಗ್ರಿಯ 400 ಲೀಟರನ್ನು 10 ಡಿಗ್ರಿಗೆ ಇಳಿಸಲು ಒಂದು ಕಿಲೋವಾಟ್ ತಂಪು ಕೊಡುವ ಚಿಲ್ಲರಿಗೆ ಎಂಟು ಗಂಟೆಯ ಮೇಲೇ ಬೇಕು, ಹಾಗಾಗಿ ಮೊದಲ ದಿನ ತಡವಾಯಿತು ಅಂತ ಗಾಬರಿ ಬೇಡ. ಅದರ ಬಿಸಿ ಗಾಳಿ ಹೊರಹೋಗುವ ಕಡೆ ಮಾತ್ರ ಏನನ್ನೂ ಅಡ್ಡ ಇಡಬೇಡಿ.