ಸಿಡಿ ಗೀರು: ಟೂತ್‌ಪೇಸ್ಟ್ ಹಚ್ಚಬಹುದಾ?

ಪ್ರಶ್ನೆ: ಆಡಿಯೋ ಸಿಡಿಯ ಕೊನೆಯ ಎರಡು ಹಾಡು ತಡವರಿಸುತ್ತವೆ. ಹೊರ ಅಂಚಿನ ಹತ್ತಿರ ಸುತ್ತಲೂ ಗೀರಿದೆ. ಟೂತ್‌ಪೇಸ್ಟ್ ಕೆಲಸ ಮಾಡುತ್ತಾ?

ಉತ್ತರ 1: ಮೊದಲು ದೀಪಕ್ಕೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ಲೇಬಲ್ ಕಡೆಯ ಲೋಹದ ಪದರ ಕಿತ್ತಿದೆ ಎಂದರ್ಥ. ಅಲ್ಲಿ ಪಾಲಿಶ್ ವ್ಯರ್ಥ. ಇಲ್ಲದಿದ್ದರೆ ಎರಡು ಹನಿ ಪಾತ್ರೆ ಸೋಪಿನ ನೀರಲ್ಲಿ ತೊಳೆದು ಹಾಕಿ ನೋಡಿ. ಎಷ್ಟೋ ಸಲ ತೊಂದರೆ ಬೆರಳಚ್ಚಿನ ಜಿಡ್ಡಿನದ್ದೇ.

ಉತ್ತರ 2: ಆಮೇಲೂ ತಡವರಿಸಿದರೆ ಬಿಳಿ ಪೇಸ್ಟ್, ಕಡಲೆಕಾಳಿನಷ್ಟು. ಜೆಲ್ ಬೇಡ, ಅದರಲ್ಲಿ ಉಜ್ಜುವ ಪುಡಿ ಸಾಮಾನ್ಯವಾಗಿ ಕಮ್ಮಿ. ಒದ್ದೆ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ, 2-3 ನಿಮಿಷ. ಸುತ್ತಿ ಉಜ್ಜಲೇಬೇಡಿ! ಅಡ್ಡ ಗೀರನ್ನು ಪ್ಲೇಯರ್‌ನ ದೋಷ ತಿದ್ದುವಿಕೆ ಸುಮಾರು 2.5 ಮಿ.ಮೀ.ವರೆಗೆ ತುಂಬಿಕೊಳ್ಳುತ್ತದೆ, ಟ್ರ್ಯಾಕ್ (ಡೇಟಾ ಇರುವ ಸುರುಳಿ ಗೆರೆ) ಉದ್ದಕ್ಕೂ ಹೋದ ಗೀರು ಅದಕ್ಕಿಂತ ಉದ್ದದ ಡೇಟಾ ನುಂಗುತ್ತದೆ. ನಿಮ್ಮದು ಅದೇ ಜಾತಿ. ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಟಿಶ್ಯೂ ಪೇಪರ್ ಹೊಸ ಗೀರು ಮಾಡುತ್ತದೆ.

ಉತ್ತರ 3: ಇದು ಸಿಡಿ, ಡಿವಿಡಿಗೆ ಮಾತ್ರ. ಬ್ಲೂ-ರೇ ಮೇಲಿನ ಪದರ ಬರೀ 0.1 ಮಿ.ಮೀ., ಉಜ್ಜಿದರೆ ಡಿಸ್ಕೇ ಹೋಯಿತು. ಇನ್ನು, ಒಮ್ಮೆ ಓದಿತೆಂದರೆ ಆಗಲೇ ಕಂಪ್ಯೂಟರ್‌ಗೆ ಕಾಪಿ ಮಾಡಿ. ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ಸಾಫ್ಟ್‌ವೇರ್‌ನ ಸೆಕ್ಯೂರ್ ಮೋಡ್ ತಪ್ಪಿದ ಜಾಗವನ್ನು ಮತ್ತೆ ಮತ್ತೆ ಓದುತ್ತದೆ.